ಆಯಿಯ ಪುತಳಿ, ವೆನಿಸ್ಸಿನ ಟಂಕಸಾಲೆ

ಪ್ರಶ್ನೆ: ನಮ್ಮ ಆಯಿಯ ಪುತಳಿ ಸರ ಈಗ ಪಾಲಿಗೆ ಬಂದಿದೆ. ಎಲ್ಲ ಕೂಡಿ 21 ಪುತಳಿ. ಸೊಲ್ಲಾಪುರದ ಸರಾಫ ಬಾಜಾರದಲ್ಲಿ ತೋರಿಸಿದಾಗ, ‘ಇದರಲ್ಲಿ ನಾಲ್ಕು ಇಟಲಿ ದೇಶದ ಅಸಲಿ ನಾಣ್ಯ, ಉಳಿದವು ನಮ್ಮ ಕಡೆಯ ಪತ್ತಾರರು ಮಾಡಿದ್ದು’ ಅಂದರು. ಇಟಲಿಯ ದುಡ್ಡು ಲೀರಾ ಅಲ್ಲವೆ? ಅದಕ್ಕೆ ಕವಡಿ ಕಿಮ್ಮತ್ತೂ ಇರಲಿಲ್ಲ ಅಂತ ಓದಿದ ನೆನಪು. ಹಾಗಾದರೆ ಇವು ಯಾವ ನಾಣ್ಯ? ಅಕ್ಕಲಕೋಟೆಯ ಕಡೆಯ ಒಕ್ಕಲಿಗರ ಮನೆಗೆ ಹೇಗೆ ಬಂದವು? ಈಗ ಏನು ಬೆಲೆ? ಇಟಲಿಯ ಬ್ಯಾಂಕಿನಲ್ಲಿ ನಡೆಯುತ್ತವೆಯೆ? ನಾವು ನೆಗೆಣ್ಣಿಯರು ಮೂವರು, ಹಂಚಿಕೊಳ್ಳಬೇಕು.
— ಅಕ್ಕಲಕೋಟೆ ತಾಲೂಕಿನ ಓದುಗರು

ಉತ್ತರ: ಬ್ಯಾಂಕಿನ ಪ್ರಶ್ನೆಯಿಂದಲೇ ಸುರು ಮಾಡೋಣ, ಅದಕ್ಕೆ ಉತ್ತರ ಚಿಕ್ಕದು. ನಡೆಯುವುದಿಲ್ಲ. ಆ ನಾಣ್ಯ ಹೊಡೆಸಿದ ರಾಜ್ಯ 1797ರಲ್ಲೇ ಅಳಿಯಿತು. ಆಗ ಇಟಲಿ ಎಂಬ ದೇಶ ಇನ್ನೂ ಹುಟ್ಟಿರಲಿಲ್ಲ. ನಿಮ್ಮ ಸರಾಫರು ಹೇಳಿದ್ದು ನಿಜವಾಗಿದ್ದರೆ ಆ ನಾಲ್ಕು ಪುತಳಿಗಳು ವೆನಿಸ್ ಗಣರಾಜ್ಯದ ಡುಕಾಟ್‌ಗಳು. 16ನೆಯ ಶತಮಾನದಿಂದ ಈಚೆಗೆ ಅದೇ ನಾಣ್ಯಕ್ಕೆ ಜೆಕ್ಕಿನೊ ಎಂಬ ಹೆಸರೂ ಬಂತು. ಲೀರಾದ ಕತೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಭೂತಗನ್ನಡಿ ಹಿಡಿದು ಆ ನಾಲ್ಕರಲ್ಲಿ ಒಂದನ್ನು ನೋಡಿರಿ. ಅಗಲ ಹೆಚ್ಚು ಕಡಿಮೆ ಈಗಿನ ಒಂದು ರೂಪಾಯಿ ನಾಣ್ಯದಷ್ಟೇ, ಆದರೆ ತೀರ ತೆಳು. ಒಂದು ಮಗ್ಗುಲಲ್ಲಿ ಇಬ್ಬರು ಮನುಷ್ಯರು, ನಡುವೆ ಒಂದು ಉದ್ದ ಕೋಲು, ಕೋಲಿನ ತುದಿಗೆ ಬಾವುಟ. ಎಡಕ್ಕೆ ನಿಂತವನು ಸಂತ ಮಾರ್ಕ, ವೆನಿಸ್ ಊರಿನ ರಕ್ಷಕ. ಬಲಕ್ಕೆ ಮೊಣಕಾಲೂರಿದವನು ಡೋಜ್, ಅಂದರೆ ಅಲ್ಲಿನ ಮುಖ್ಯಸ್ಥ. ಅವನು ವಂಶಪಾರಂಪರ್ಯದ ರಾಜನಲ್ಲ. ಊರಿನ ಸಿರಿವಂತ ಮನೆತನದವರು ಕೂಡಿ ಆರಿಸಿದವನು, ಒಮ್ಮೆ ಆರಿಸಿದರೆ ಸಾಯುವ ತನಕ ಅಧಿಕಾರ. ಕೋಲಿನ ಬದಿಗೆ ಒಂದರ ಕೆಳಗೊಂದು ಮೂರು ರೋಮನ್ ಅಕ್ಷರಗಳಿರಬೇಕು: ಡಿ, ವಿ, ಎಕ್ಸ್. ‘ಡುಕ್ಸ್’ ಎಂದು ಓದಬೇಕು, ಒಡೆಯ ಎಂದರ್ಥ. ಮಗ್ಗುಲು ತಿರುವಿದರೆ ಮೊಟ್ಟೆಯಾಕಾರದ ಚೌಕಟ್ಟು, ಅದರ ತುಂಬ ಚುಕ್ಕಿಗಳು, ನಡುವೆ ಆಶೀರ್ವಾದಕ್ಕೆ ಕೈಯೆತ್ತಿ ನಿಂತ ಏಸುಕ್ರಿಸ್ತ.

ಇದನ್ನು ನಮ್ಮವರು ಏನೆಂದು ಓದಿಕೊಂಡರು ಎಂಬುದು ಮಜಾ ಇದೆ. ಕೋಲು ಹಿಡಿದ ಇಬ್ಬರು ಕೆಲವರಿಗೆ ರಾಮ-ಸೀತೆಯರಾದರು. ಚುಕ್ಕಿಗಳ ಚೌಕಟ್ಟು ಪ್ರಭಾವಳಿಯ ಹಾಗೆ ಕಂಡಿತು, ಅದರೊಳಗಿನವನು ಎಷ್ಟೋ ಮನೆಗಳಲ್ಲಿ ಲಕ್ಷ್ಮಿಯಾದ. ತಮಿಳುನಾಡಿನಲ್ಲಿ ಇದಕ್ಕೆ ‘ಶಾಣಾರ ಕಾಸು’ ಎಂಬ ಹೆಸರಿತ್ತು. ಅಲ್ಲಿನ ಕಣ್ಣಿಗೆ ಬಾವುಟದ ಕೋಲು ತಾಳೆಮರವಾಗಿ, ಡೋಜ್ ಮರದ ಬುಡದಲ್ಲಿ ಕುಳಿತ ಹೆಂಡ ಇಳಿಸುವವನಾಗಿ ಕಂಡಿದ್ದ. ನಮ್ಮ ಕಡೆ ಗೊಂಬೆಗಳಿರುವ ನಾಣ್ಯ ಎಂದು ಪುತಳಿ ಅಂದು ಮುಗಿಸಿದರು. ನಿಮ್ಮ ಆಯಿ ಪಂಚಮಿಗೋ ಜಾತ್ರೆಗೋ ಈ ಸರ ಹಾಕಿಕೊಂಡು ಗುಡಿಗೆ ಹೊರಟಾಗ ಕೊರಳಲ್ಲಿ ಒಬ್ಬ ಕ್ರೈಸ್ತ ಸಂತನೂ ಇದ್ದ ಎಂಬುದು ಯಾರಿಗೂ ತೊಡಕಾಗಲಿಲ್ಲ. ನಿಮ್ಮ ಜಿಲ್ಲೆಯದೇ ಪಂಢರಪುರದಲ್ಲಿ ಹಬ್ಬಹರಿದಿನಕ್ಕೆ ರುಕ್ಮಿಣಿಗೆ ಹಾಕುವ ಒಡವೆಗಳಲ್ಲಿ ಪುತಳಿಯ ಮಾಲೆಯೂ ಒಂದು.

ಈಗ ನಾಣ್ಯದ ಹುಟ್ಟು. ಇಟಲಿಯ ಫ್ಲಾರೆನ್ಸ್ ಮತ್ತು ಜಿನೋವಾ ನಗರಗಳು 1252ರಲ್ಲಿ ಚಿನ್ನದ ನಾಣ್ಯ ಹೊಡೆಸಿದವು. ವೆನಿಸ್‌ನ ವ್ಯಾಪಾರಿಗಳು ಮೂವತ್ತು ವರ್ಷ ತಡೆದು ನೋಡಿದರು. 1284ರಲ್ಲಿ ಜಿಯೊವಾನಿ ದಾಂದೊಲೊ ಡೋಜ್ ಆಗಿದ್ದಾಗ ಅವರೂ ಒಂದನ್ನು ಹೊರಡಿಸಲು ನಿರ್ಧರಿಸಿದರು: ತೂಕ ಸುಮಾರು ಮೂರೂವರೆ ಗ್ರಾಮ್, ಶುದ್ಧತೆ ಸಾವಿರಕ್ಕೆ 997ರ ಆಸುಪಾಸು. ಆ ಕಾಲದ ಕುಲುಮೆಯಲ್ಲಿ ಇದಕ್ಕಿಂತ ಚೊಕ್ಕಟ ಚಿನ್ನ ಮಾಡುವುದು ಕಷ್ಟವೇ. ಹೀಗೆ ಸುರುವಾದ ನಾಣ್ಯ ಕೊನೆಯ ಡೋಜ್ ಲುಡೊವಿಕೊ ಮಾನಿನ್ 1797ರ ಮೇ 12ರಂದು ನೆಪೋಲಿಯನ್ನನ ಮುಂದೆ ಅಧಿಕಾರ ಬಿಟ್ಟುಕೊಡುವವರೆಗೂ ಹೆಚ್ಚು ಕಡಿಮೆ ಅದೇ ತೂಕ, ಅದೇ ಚಿನ್ನ, ಅದೇ ಗೊಂಬೆ. ಐದು ಶತಮಾನಗಳಿಗೂ ಮೇಲೆ! ಅಷ್ಟರಲ್ಲಿ ಚಿತ್ರಕಲೆ ಎಲ್ಲಿಂದ ಎಲ್ಲಿಗೋ ಹೋಗಿತ್ತು, ಟಿಷಿಯನ್‌ನಂಥ ಕಲಾವಿದರು ಅದೇ ಊರಲ್ಲಿ ಬಾಳಿ ಸತ್ತಿದ್ದರು. ನಾಣ್ಯದ ಮೇಲಿನ ಸಂತ ಮಾತ್ರ ಅದೇ ಹಳೆಯ ಕೋಲುಗೈಯವನು. ಡೋಜ್ ಬದಲಾದಾಗ ಅಂಚಿನ ಹೆಸರು ಬದಲಾಗುತ್ತಿತ್ತು, ಅಷ್ಟೇ.

ಬದಲಿಸದಿದ್ದುದಕ್ಕೆ ಕಾರಣ ಸೋಮಾರಿತನವಲ್ಲ. ಕೈರೊ, ಏಡನ್, ದಾಭೋಳ, ಕಲ್ಲಿಕೋಟೆಗಳ ಚಿನಿವಾರನಿಗೆ ಲ್ಯಾಟಿನ್ ಓದಲು ಬರುತ್ತಿರಲಿಲ್ಲ. ಅವನು ಗೊಂಬೆ ನೋಡಿ ಗುರುತು ಹಿಡಿಯುತ್ತಿದ್ದ. ಗೊಂಬೆ ತುಸು ಬೇರೆಯಾದರೂ ಒರೆಗಲ್ಲು ತೆಗೆಯುತ್ತಿದ್ದ, ಚೌಕಾಸಿಗೆ ಇಳಿಯುತ್ತಿದ್ದ. ಆಸ್ಟ್ರಿಯಾದವರು ಮುಂದೆ ಮಾರಿಯಾ ತೆರೇಸಾ ರಾಣಿಯ ಬೆಳ್ಳಿ ನಾಣ್ಯವನ್ನು ಅವಳು ಸತ್ತ ಮೇಲೂ 1780ರ ಇಸವಿ ಹಾಕಿಯೇ ಹೊಡೆಸುತ್ತ ಹೋದದ್ದು ಇದೇ ಲೆಕ್ಕಾಚಾರದಿಂದ. ಅರಬರು ಬೇರೆಯದನ್ನು ಮುಟ್ಟುತ್ತಿರಲಿಲ್ಲ.

ನಮ್ಮಲ್ಲಿಗೆ ಬಂದ ದಾರಿ ಹೀಗೆ. ಯೂರೋಪಿಗೆ ನಮ್ಮ ಮೆಣಸು ಬೇಕು, ಅರಿವೆ ಬೇಕು, ಹರಳು-ವಜ್ರ ಬೇಕು. ಅಲ್ಲಿಂದ ತಂದು ಮಾರುವಂಥದ್ದು ನಮ್ಮವರಿಗೆ ಹೆಚ್ಚೇನೂ ಬೇಕಿರಲಿಲ್ಲ. ಹಾಗಾಗಿ ಚಿನ್ನ-ಬೆಳ್ಳಿ ಎಣಿಸಿ ಕೊಡಬೇಕಾಯಿತು. ಡುಕಾಟ್ ವೆನಿಸ್‌ನಿಂದ ಹಡಗಿನಲ್ಲಿ ಅಲೆಕ್ಸಾಂಡ್ರಿಯಾ ಮುಟ್ಟಿ, ಕೈರೊದ ಮೂಲಕ ಕೆಂಪು ಸಮುದ್ರಕ್ಕಿಳಿದು, ಏಡನ್ ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿತ್ತು. ನಡುವೆ ಸಿಕ್ಕ ರಾಜ್ಯಗಳೆಲ್ಲ ಇದರ ಮುಂದೆ ತಲೆಬಾಗಿದವು: ಈಜಿಪ್ಟಿನ ಸುಲ್ತಾನ ಬರ್ಸ್‌ಬಾಯ್ 1425ರಲ್ಲಿ ತನ್ನ ಅಶ್ರಫಿಯನ್ನು ಡುಕಾಟಿನ ತೂಕಕ್ಕೆ ಇಳಿಸಿದ, ಮುಂದೆ ತುರ್ಕರ ಚಿನ್ನದ ಸುಲ್ತಾನಿಯೂ ಅದೇ ಅಳತೆಗೆ ಬಂತು. 1420ರ ಹೊತ್ತಿಗೆ ವಿಜಯನಗರ ನೋಡಿಹೋದ ನಿಕೊಲೊ ಕೊಂಟಿ ವೆನಿಸ್ ರಾಜ್ಯದವನೇ. ಇಂಡಿಯಾದ ಕೆಲವು ಕಡೆ ತನ್ನ ದೇಶದ ಡುಕಾಟೇ ಚಲಾವಣೆಯಲ್ಲಿದೆ ಎಂದು ಅವನು ಹೇಳಿದ್ದಾನೆ. ನಂಬದಿರಲು ಕಾರಣವಿಲ್ಲ. ನಮ್ಮ ವರಹದ ತೂಕವೂ ಮೂರು ಗ್ರಾಮ್ ನಾಲ್ಕು ನೂರು ಮಿಲಿಗ್ರಾಮಿನ ಸುತ್ತಮುತ್ತ. ಹೊನ್ನು ತೂಗಿ ಪಳಗಿದ ಕೈಗೆ ಡುಕಾಟ್ ಪರದೇಶಿ ಅನಿಸಲೇ ಇಲ್ಲ.

ಕರಾವಳಿಯಿಂದ ಘಟ್ಟ ಹತ್ತಿದರೆ ಬಿಜಾಪುರ. ಸೊಲ್ಲಾಪುರ ಆಗ ಬಿಜಾಪುರ ಮತ್ತು ಅಹಮದನಗರಗಳ ನಡುವಿನ ಎಳೆದಾಟದ ಊರು. ತಾಳಿಕೋಟೆ ಯುದ್ಧಕ್ಕೆ ಮೊದಲು ಎರಡು ಮನೆತನಗಳು ಬೀಗರಾದಾಗ, ಬಿಜಾಪುರದ ಅಲಿ ಆದಿಲಶಾಹನಿಗೆ ಕೊಟ್ಟ ಚಾಂದಬೀಬಿಯ ಜೊತೆ ಸೊಲ್ಲಾಪುರದ ಕೋಟೆಯನ್ನೇ ಬಳುವಳಿಯಾಗಿ ಕಳಿಸಿದರು. ಯುದ್ಧ ಮುಗಿದು ಎರಡು ವರ್ಷಕ್ಕೆ, 1567ರಲ್ಲಿ, ಚೆಸಾರೆ ಫೆದೆರಿಚಿ ಎಂಬ ಇನ್ನೊಬ್ಬ ವೆನಿಸ್ ವ್ಯಾಪಾರಿ ಗೋವೆಯಿಂದ ಹೊರಟು ಹಾಳುಬಿದ್ದ ವಿಜಯನಗರದಲ್ಲಿ ಏಳು ತಿಂಗಳು ಉಳಿದಿದ್ದ. ಇಂಥವರ ಹಡಪದಿಂದ ಹೊರಬಿದ್ದ ನಾಣ್ಯ ಸಂತೆಗೆ, ಸಂತೆಯಿಂದ ಸಾಹುಕಾರನಿಗೆ, ಅಲ್ಲಿಂದ ಯಾವುದೋ ಮದುವೆಗೆ. ಮುಂದೆ 17-18ನೆಯ ಶತಮಾನಗಳಲ್ಲಿ ಮೋಖಾ, ಜೆದ್ದಾಗಳಿಗೆ ಅರಿವೆ ಒಯ್ದ ಸುರತದ ವ್ಯಾಪಾರಿಗಳೂ ವಾಪಸ್ ಬರುವಾಗ ಇದನ್ನೇ ಕಟ್ಟಿಕೊಂಡು ಬರುತ್ತಿದ್ದರು. ಶಿವಾಜಿ ಮಹಾರಾಜರ ಖಜಾನೆಯ ನಾಣ್ಯಗಳನ್ನು ಎಣಿಸುವಾಗ ಸಭಾಸದನ ಬಖರು ಎಂಬ ಮರಾಠಿ ಚರಿತ್ರೆ ದೇವರಾಯಿ, ಅಚ್ಯುತರಾಯಿ, ಧಾರವಾಡಿ ಹೊನ್ನುಗಳ ಸಾಲಿನಲ್ಲೇ ಪುತಳಿಯನ್ನೂ ಸೇರಿಸುತ್ತದೆ. 17ನೆಯ ಶತಮಾನದ ಕೊನೆಗೆ ಅದು ನಮ್ಮ ನಾಡಿನ ನಾಣ್ಯವೇ ಆಗಿಬಿಟ್ಟಿತ್ತು.

ಆದರೆ ಬೇಡಿಕೆ ಇದ್ದಷ್ಟು ನಾಣ್ಯ ಸಮುದ್ರ ದಾಟಿ ಬರುತ್ತದೆಯೆ? ನಕಲು ಮಾಡಿದರು. ನಮ್ಮವರಷ್ಟೇ ಅಲ್ಲ, ರೋಡ್ಸ್ ದ್ವೀಪದ ಕ್ರೈಸ್ತ ಯೋಧರ ಪಂಗಡವೂ ವೆನಿಸ್‌ನ ಗೊಂಬೆಯನ್ನೇ ಅಚ್ಚೊತ್ತಿ ಚಲಾಯಿಸಿತ್ತು. ನಮ್ಮ ಪತ್ತಾರರದು ಮೋಸದ ಕೆಲಸವೂ ಅಲ್ಲ. ಅವರಿಗೆ ಬೇಕಾಗಿದ್ದದ್ದು ಸರಕ್ಕೆ ಹೊಂದುವ ಬಿಲ್ಲೆ. ಅಕ್ಷರ ತಿಳಿಯದೆ ಅಚ್ಚು ಕಡೆದದ್ದರಿಂದ ಅಂಚಿನ ಬರಹ ಬರೀ ಗೀಟು-ಚುಕ್ಕಿಗಳಾಯಿತು, ಮೊಣಕಾಲೂರಿದ ಡೋಜ್ ನಿಧಾನಕ್ಕೆ ಎದ್ದು ನಿಂತ, ಬಾವುಟ ಕಾಣೆಯಾಯಿತು. ಕೊನೆಕೊನೆಗೆ ನೇರವಾಗಿ ಲಕ್ಷ್ಮಿಯನ್ನೇ ಒತ್ತಿದರು. ನಿಮ್ಮ ಉಳಿದ 17 ಪುತಳಿ ಈ ಜಾತಿಯವು ಇರಬೇಕು. ಅವನ್ನು ನಕಲಿ ಎಂದು ತಿರಸ್ಕರಿಸಬೇಡಿ, ಚಿನ್ನ ಚಿನ್ನವೇ.

ಲೀರಾಕ್ಕೆ ಬರುತ್ತೇನೆ. ಇಲ್ಲಿ ಒಂದು ಸಂಗತಿ ನನಗೆ ಬಹಳ ಕುತೂಹಲದ್ದು. ವೆನಿಸ್‌ನಲ್ಲೂ ಲೀರಾ ಇತ್ತು. ದೊಡ್ಡ ವ್ಯಾಪಾರಕ್ಕೆ, ಪರದೇಶಕ್ಕೆ ಡುಕಾಟ್. ಊರೊಳಗಿನ ಕೂಲಿಗೆ, ರೊಟ್ಟಿಗೆ, ಬಾಡಿಗೆಗೆ ಲೀರಾ-ಸೋಲ್ದಿಗಳ ಬೆಳ್ಳಿಯ ಚಿಲ್ಲರೆ. ಒಂದು ಲೀರಾಕ್ಕೆ 20 ಸೋಲ್ದಿ. 1472ರಲ್ಲಿ ಒಂದು ಡುಕಾಟಿಗೆ 6 ಲೀರಾ 4 ಸೋಲ್ದಿ ಎಂದು ಲೆಕ್ಕ ನಿಂತಿತು. 18ನೆಯ ಶತಮಾನದಲ್ಲಿ ಅದೇ ಚಿನ್ನಕ್ಕೆ 22 ಲೀರಾ ಕೊಡಬೇಕಾಯಿತು. ಚಿನ್ನ ಬೆಳೆಯಲಿಲ್ಲ, ಚಿಲ್ಲರೆಯೊಳಗಿನ ಬೆಳ್ಳಿ ಕರಗುತ್ತ ಹೋಯಿತು. ಹೊರಗಿನವನ ಮುಂದೆ ಕೂದಲೆಳೆಯಷ್ಟೂ ತೂಕ ತಪ್ಪದ ಸರಕಾರವೇ ತನ್ನ ಊರಿನ ಕೂಲಿಯವನ ಕೈಗಿಡುವ ದುಡ್ಡಿನಲ್ಲಿ ಕೈಯಾಡಿಸುತ್ತಿತ್ತು. ಡುಕಾಟಿನ ಹೆಸರು ದೊಡ್ಡದು, ಒಪ್ಪೋಣ. ಆದರೆ ಆ ಹೆಸರಿನ ಖರ್ಚು ಯಾರ ತಲೆಯ ಮೇಲೆ ಬಿತ್ತು ಎಂಬುದನ್ನು ನಾಣ್ಯಶಾಸ್ತ್ರದ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ.

ನೀವು ಓದಿದ ಲೀರಾ ಇದಕ್ಕಿಂತ ಈಚಿನದು. ಇಟಲಿ ಒಂದು ರಾಜ್ಯವಾದ ಮೇಲೆ 1862ರ ಆಗಸ್ಟಿನಲ್ಲಿ ಕಾಯ್ದೆ ಮಾಡಿ ಇಡೀ ದೇಶಕ್ಕೆ ಲೀರಾ ತಂದರು. ವೆನಿಸ್ ಇನ್ನೂ ಆಸ್ಟ್ರಿಯಾದ ಕೈಯಲ್ಲಿತ್ತು, ಅದು ಇಟಲಿಗೆ ಸೇರಿದ್ದು 1866ರಲ್ಲಿ. ಹುಟ್ಟಿದಾಗ ಒಂದು ಲೀರಾ ಎಂದರೆ 0.29 ಗ್ರಾಮ್ ಚಿನ್ನ, ಫ್ರಾನ್ಸಿನ ಫ್ರಾಂಕಿಗೆ ಸರಿಸಮ. ಆ ಲೆಕ್ಕದಲ್ಲಿ ನಿಮ್ಮ ಒಂದು ಪುತಳಿಗೆ 12 ಲೀರಾ. ಮುಂದೆ ಎರಡು ಮಹಾಯುದ್ಧಗಳು, ಮುಸೊಲಿನಿಯ ಒಣಪ್ರತಿಷ್ಠೆ, ನೋಟು ಮುದ್ರಣ. 1949ರ ಹೊತ್ತಿಗೆ ಒಂದು ಡಾಲರಿಗೆ 625 ಲೀರಾ ಆಗಿತ್ತು. 1997ರಲ್ಲಿ ರಫಾಯಲ್ ಚಿತ್ರಕಾರನ ಮುಖವಿದ್ದ 5 ಲಕ್ಷ ಲೀರಾದ ನೋಟು ಬಂತು. ಕಾಫಿ ಕುಡಿದವರೂ ಸಾವಿರದ ಲೆಕ್ಕದಲ್ಲಿ ಕೊಡುತ್ತಿದ್ದ ಕಾಲ. ಕೊನೆಗೆ 1936.27 ಲೀರಾಕ್ಕೆ ಒಂದು ಯೂರೋ ಎಂದು ಕಟ್ಟಿ, 2002ರ ಫೆಬ್ರವರಿ 28ಕ್ಕೆ ಲೀರಾ ಚಲಾವಣೆ ನಿಲ್ಲಿಸಿದರು. ಚಲಾವಣೆಯ ಕೊನೆಯ ದಿನಗಳಲ್ಲಿ ನಿಮ್ಮ ಒಂದು ಪುತಳಿಯ ಚಿನ್ನಕ್ಕೆ ಅಂದಾಜು 70 ಸಾವಿರ ಲೀರಾ ಬೀಳುತ್ತಿತ್ತು. ಹನ್ನೆರಡರಿಂದ ಎಪ್ಪತ್ತು ಸಾವಿರಕ್ಕೆ, ನೂರಾ ನಲವತ್ತು ವರ್ಷದಲ್ಲಿ. ಹಳೆಯ ಲೀರಾ ನೋಟು ಬದಲಿಸಿಕೊಡುವುದನ್ನೂ 2011ರ ಡಿಸೆಂಬರಿನಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ಯಾರಾದರೂ ನಿಮಗೆ ಲೀರಾ ನೋಟು ತೋರಿಸಿ ಬೆಲೆ ಹೇಳಿದರೆ ನಗಬಹುದು.

ನಕ್ಕು ಮುಗಿದ ಮೇಲೆ ನಮ್ಮ ರೂಪಾಯಿಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಲ್ಲ. 1931ರ ಸೆಪ್ಟೆಂಬರಿಗೆ ಮೊದಲು ಒಂದು ತೊಲ ಚಿನ್ನಕ್ಕೆ 21 ರೂಪಾಯಿ ಚಿಲ್ಲರೆ. ಅಂದರೆ ನಿಮ್ಮ ಆಯಿಯ ಅವ್ವನ ಕಾಲಕ್ಕೆ ಒಂದು ಅಸಲಿ ಪುತಳಿಗೆ ಆರೂವರೆ ರೂಪಾಯಿಯೊಳಗೆ. ಆ ತಿಂಗಳು ಇಂಗ್ಲೆಂಡು ತನ್ನ ಪೌಂಡನ್ನು ಚಿನ್ನದಿಂದ ಬಿಡಿಸಿಕೊಂಡಿತು, ರೂಪಾಯಿಯನ್ನು ಪೌಂಡಿಗೇ ಕಟ್ಟಿಟ್ಟಿತು. ಚಿನ್ನದ ದರ ಕೆಲವೇ ತಿಂಗಳಲ್ಲಿ ತೊಲಕ್ಕೆ 30ರ ಸಮೀಪಕ್ಕೆ ಏರಿತು. ಅದೇ ಹೊತ್ತಿಗೆ ಹತ್ತಿ, ಜೋಳಗಳ ಬೆಲೆ ನೆಲಕಚ್ಚಿತ್ತು, ಭೂಕಂದಾಯ ಮಾತ್ರ ಇಳಿದಿರಲಿಲ್ಲ. ದೇಶದ ಹಳ್ಳಿಹಳ್ಳಿಗಳಿಂದ ಒಡವೆ ಸಂತೆಯ ಸರಾಫನ ಮೂಲಕ ಮುಂಬಯಿಗೆ, ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ ಹೋಯಿತು. ಕಷ್ಟಕ್ಕೆ ಮಾರಿದ ಚಿನ್ನ ಎಂದೇ ಅದಕ್ಕೆ ಹೆಸರಾಯಿತು. ಹಾಗೆ ಕರಗಿದ್ದರಲ್ಲಿ ಪುತಳಿ ಎಷ್ಟೋ, ವರಹ ಎಷ್ಟೋ. ಆಮೇಲೆ 1963ರ ಚಿನ್ನ ನಿಯಂತ್ರಣ ಬಂದು, 14 ಕ್ಯಾರೆಟ್ಟಿಗಿಂತ ಹೆಚ್ಚಿನ ಹೊಸ ಒಡವೆ ಮಾಡಬಾರದೆಂದಾಯಿತು, ಪತ್ತಾರರು ಒಲೆ ಆರಿಸಿ ಕುಳಿತರು. ಇಷ್ಟೆಲ್ಲ ದಾಟಿ ನಿಮ್ಮ ಮನೆಯಲ್ಲಿ ನಾಲ್ಕು ಡುಕಾಟ್ ಉಳಿದಿದ್ದರೆ ಆ ಹೆಂಗಸರ ಗಟ್ಟಿತನಕ್ಕೆ ಏನೆನ್ನಬೇಕು!

ಬೆಲೆಯ ವಿಚಾರ. ಅಸಲಿ ಡುಕಾಟ್ ಮೂರೂವರೆ ಗ್ರಾಮ್, ನಮ್ಮ ತೊಲ 11.66 ಗ್ರಾಮ್. ಹತ್ತು ಪುತಳಿಗೆ ಸರಿಯಾಗಿ ಮೂರು ತೊಲ. ಆ ದಿನದ 24 ಕ್ಯಾರೆಟ್ ಚಿನ್ನದ ಒಂದು ಗ್ರಾಮಿನ ದರವನ್ನು ಮೂರೂವರೆಯಿಂದ ಗುಣಿಸಿದರೆ ಒಂದು ಪುತಳಿಯ ಚಿನ್ನದ ಬೆಲೆ ಬಂತು. ಲೆಕ್ಕಕ್ಕೆಂದು 10 ಗ್ರಾಮಿಗೆ ಒಂದು ಲಕ್ಷ ಹಿಡಿದರೆ ಒಂದಕ್ಕೆ 35 ಸಾವಿರ. ಶತಮಾನಗಳ ಉಜ್ಜಾಟದಿಂದ ತುಸು ಸವೆದಿರುತ್ತದೆ, ಕೊಂಡಿಯ ಬೆಸುಗೆಯಿಂದ ತುಸು ಹೆಚ್ಚೂ ತೂಗಬಹುದು. ಅಂಗಡಿಯಲ್ಲಿ ಹಳೆಯ ಒಡವೆ ಎಂದು ಇಡೀ ಸರವನ್ನು ಒಟ್ಟಿಗೆ ತೂಗಿ 22 ಕ್ಯಾರೆಟ್ಟಿಗೋ ಅದಕ್ಕೂ ಕೆಳಗೋ ಹಿಡಿಯುವ ರೂಢಿ ಉಂಟು. ನಿಮಗೆ ಅಲ್ಲಿಯೇ ನಷ್ಟ. ಸರವನ್ನು ಪಟವೇಗಾರರಿಂದ ಬಿಚ್ಚಿಸಿ, ಒಂದೊಂದೇ ಪುತಳಿಯನ್ನು ಕ್ಯಾರೆಟ್ ಮೀಟರಿನ ಕೆಳಗೆ ಇಡಿಸಿರಿ. ಗಿನ್ನಿ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಇಂಗ್ಲೆಂಡಿನ ಗಿನ್ನಿ ಎಂಟು ಗ್ರಾಮ್, 22 ಕ್ಯಾರೆಟ್, ಅದರ ಮೇಲಿರುವುದು ರಾಜನದೋ ರಾಣಿಯದೋ ತಲೆ.

ನಾಣ್ಯ ಸಂಗ್ರಹಿಸುವವರು ಚಿನ್ನದ ಬೆಲೆಯ ಮೇಲೆ ತುಸು ಹೆಚ್ಚು ಕೊಟ್ಟಾರು. ಬೆಟ್ಟದಷ್ಟು ಆಸೆ ಇಟ್ಟುಕೊಳ್ಳಬೇಡಿ. 18ನೆಯ ಶತಮಾನದ ಡುಕಾಟ್‌ಗಳು ಲೋಕದಲ್ಲಿ ಸಾಕಷ್ಟಿವೆ, ಅದರಲ್ಲೂ ಕೊಂಡಿ ಬೆಸೆದ, ತೂತು ಕೊರೆದ ನಾಣ್ಯಕ್ಕೆ ಅವರು ಮೂಗು ಮುರಿಯುತ್ತಾರೆ. ಹಾಗೆಂದು ಕೊಂಡಿ ಕೀಳಿಸಲು ಹೋಗಬೇಡಿ. ಕಿತ್ತ ಗಾಯ ಕೊಂಡಿಗಿಂತ ಕೆಟ್ಟದಾಗಿ ಕಾಣುತ್ತದೆ. ಹೊಳಪು ಕೊಡಿಸಲೂಬೇಡಿ. ಇನ್ನೊಂದು, ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಪರದೇಶದಲ್ಲಿರುವ ಮಗನೋ ಅಳಿಯನೋ ‘ಅಲ್ಲಿ ಹೆಚ್ಚಿಗೆ ಸಿಗುತ್ತದೆ, ಕೊಡಿರಿ, ಒಯ್ಯುತ್ತೇನೆ’ ಎಂದರೆ ಕೊಡಬೇಡಿ. ಅನುಮತಿ ಇಲ್ಲದೆ ಗಡಿ ದಾಟಿಸುವುದು ಅಪರಾಧ. ಇದು ಮನೆಯ ಒಡವೆ; ಹೊಲ ಹೊಡೆಯುವಾಗ ಸಿಕ್ಕ ಗಡಿಗೆಯಾಗಿದ್ದರೆ ಮಾತೇ ಬೇರೆ, ಅದನ್ನು 1878ರ ನಿಧಿ ಕಾಯ್ದೆಯಂತೆ ಕಲೆಕ್ಟರಿಗೆ ತಿಳಿಸಬೇಕು.

ನಾಲ್ಕನ್ನು ಮೂವರು ಹಂಚಿಕೊಳ್ಳುವುದು ಹೇಗೆ? ಒಬ್ಬೊಬ್ಬರಿಗೆ ಒಂದು ಡುಕಾಟ್ ಇರಲಿ. ನಾಲ್ಕನೆಯದನ್ನು ಯಾರು ಇಟ್ಟುಕೊಳ್ಳುತ್ತಾರೋ ಅವರ ಪಾಲು ಉಳಿದ ಹದಿನೇಳರಲ್ಲಿ ಬೇರೆ ಇಬ್ಬರ ಒಬ್ಬೊಬ್ಬರ ಪಾಲಿಗಿಂತ ಆ ಬೆಲೆಯಷ್ಟು ಕಡಿಮೆ ಇರಲಿ. ಆ ಹದಿನೇಳರ ತೂಕ, ಚಿನ್ನ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಎಣಿಕೆಯಿಂದ ಹಂಚದೆ ಅಪ್ಪಟ ಚಿನ್ನದ ಗ್ರಾಮಿನ ಲೆಕ್ಕದಿಂದಲೇ ಹಂಚಬೇಕು. ಮಾರುವ ವಿಚಾರವಿದ್ದರೆ ಕರಗಿಸುವವರಿಗೆ ಆ ನಾಲ್ಕನ್ನು ಮಾತ್ರ ಕೊಡಬೇಡಿ, ಹದಿನೇಳರಲ್ಲಿ ಬೇಕಾದಷ್ಟು ಕೊಡಿ.

ಯಾವ ಕಾಲದ್ದು ಎಂಬುದು ಬೇಕಿದ್ದರೆ ಬಲಗಡೆಯ ಅಂಚು ನೋಡಿರಿ, ಮೊಣಕಾಲೂರಿದವನ ಬೆನ್ನ ಹಿಂದೆ. ‘ಅಲೊಯ್ ಮೊಸೆನ್’ ಎಂದು ಕಂಡರೆ ಅಲ್ವಿಸೆ ಮೊಚೆನಿಗೊ. ಆ ಹೆಸರಿನ ಡೋಜ್‌ಗಳು ನಾಲ್ವರಿದ್ದರು, ಕೊನೆಯವನು 1763ರಿಂದ 1778ರ ತನಕ. ‘ಪಾವ್ಲ್ ರೈನರ್’ ಎಂದಿದ್ದರೆ 1779ರಿಂದ 1789. ‘ಲುಡೊವ್ ಮಾನಿನ್’ ಎಂದಿದ್ದರೆ ಕೊನೆಯ ಡೋಜ್‌ನದು. ಒಂದು ಬಿಳಿ ಹಾಳೆಯನ್ನು ನಾಣ್ಯದ ಮೇಲಿಟ್ಟು ಪೆನ್ಸಿಲ್ಲಿನಿಂದ ಹಗುರಾಗಿ ಉಜ್ಜಿದರೆ ಅಕ್ಷರ ಮೂಡುತ್ತವೆ. ನಾಲ್ಕರದೂ ಹಾಗೆ ತೆಗೆದು ಅಂಚೆಗೆ ಹಾಕಿರಿ, ಮುಂದಿನ ಸಂಚಿಕೆಯಲ್ಲಿ ಡೋಜ್‌ಗಳ ಹೆಸರು ಬರೆಯುತ್ತೇನೆ.